ತಂತ್ರಾಂಶ ರೇಡಿಯೋ: ಆಂಟೆನಾ ಬದಲಿಸುವ ಮುನ್ನ

ಸಂಕೇತಗಳನ್ನು ಸೋಸಿ, ಬಿಡಿಸಿ, ಧ್ವನಿಯಾಗಿ ಅಥವಾ ಮಾಹಿತಿಯಾಗಿ ಮಾರ್ಪಡಿಸುವ ಕಾರ್ಯವನ್ನು ಬಹುಪಾಲು ಕಂಪ್ಯೂಟರ್ ತಂತ್ರಾಂಶಕ್ಕೇ ವಹಿಸಿರುವ ಸಾಧನಕ್ಕೆ ತಂತ್ರಾಂಶ ಆಧಾರಿತ ರೇಡಿಯೋ ಎಂದು ಹೆಸರು. ಒಂದೇ ಫಲಕದಲ್ಲಿ ಎಫ್‌ಎಂ ಬಾನುಲಿಯನ್ನೂ ಕೇಳಬಹುದು, ವಿಮಾನಗಳು ಹೊರಡಿಸುವ ಸಂಕೇತಗಳನ್ನೂ ಓದಬಹುದು. ಆದರೆ ತಂತ್ರಾಂಶದ ಆಜ್ಞೆಗೆ ಮಣಿಯದ ಭಾಗವೊಂದು ಉಳಿಯುತ್ತದೆ. ಅದೇ ಆಂಟೆನಾ.

ಇದಕ್ಕೆ ಉತ್ತಮ ನಿದರ್ಶನ ‘ರೇಡಿಯೋ’ ಬ್ಯಾಡ್ಜ್. ಇದರ ಇಂಗ್ಲಿಷ್ ಹೆಸರಿನಲ್ಲಿ ‘ಐ’ ಅಕ್ಷರದ ಬದಲು 1 ಅಂಕೆ ಇದೆ. 2015ರ ಆಗಸ್ಟ್‌ನಲ್ಲಿ ಜರ್ಮನಿಯ ಮಿಲ್ಡೆನ್‌ಬರ್ಗ್‌ನಲ್ಲಿ ನಡೆದ ಕೇಯಾಸ್ ಕಮ್ಯುನಿಕೇಷನ್ ಕ್ಯಾಂಪ್‌ಗಾಗಿ ಮ್ಯೂನಿಕ್‌ನ ತಂಡವೊಂದು ಇದನ್ನು ರೂಪಿಸಿತು. ಮೈಕೆಲ್ ಆಸ್ಮನ್ ಅವರ ಮುಕ್ತ ವಿನ್ಯಾಸವಾದ ‘ಹ್ಯಾಕ್‌ಆರ್‌ಎಫ್ ಒನ್’ ಇದಕ್ಕೆ ಆಧಾರ. ಬ್ಯಾಡ್ಜ್‌ನ ವ್ಯಾಪ್ತಿ ಸುಮಾರು 50 ಮೆಗಾಹರ್ಟ್ಸ್‌ನಿಂದ 4 ಗಿಗಾಹರ್ಟ್ಸ್. ಆದರೆ ಫಲಕದ ಮೇಲೆಯೇ ಇರುವ ಆಂಟೆನಾ ಹೊಂದುವುದು 2.5 ಗಿಗಾಹರ್ಟ್ಸ್ ಆಸುಪಾಸಿಗೆ ಮಾತ್ರ. ಉಳಿದ ವ್ಯಾಪ್ತಿಯಲ್ಲಿ ಫಲಕಕ್ಕೆ ಕಿವಿಯಿದ್ದರೂ ಮಂದ.

ಉದ್ದದ ಲೆಕ್ಕ

ಸರಳ ಕಡ್ಡಿ ಆಂಟೆನಾದ ಉದ್ದ ತರಂಗದೂರದ ಕಾಲು ಭಾಗ ಇರಬೇಕು. 75ನ್ನು ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ ಭಾಗಿಸಿದರೆ ಈ ಉದ್ದ ಮೀಟರ್‌ಗಳಲ್ಲಿ ದೊರೆಯುತ್ತದೆ. 2.5 ಗಿಗಾಹರ್ಟ್ಸ್‌ಗೆ ಇದು 3 ಸೆಂಟಿಮೀಟರ್. ವಿಮಾನ ಸಂಕೇತಗಳ 1090 ಮೆಗಾಹರ್ಟ್ಸ್‌ಗೆ ಸುಮಾರು 6.9 ಸೆಂಟಿಮೀಟರ್. ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋ ಬಿತ್ತರವಾಗುವ 101.3 ಮೆಗಾಹರ್ಟ್ಸ್‌ಗಾದರೋ ಸುಮಾರು 74 ಸೆಂಟಿಮೀಟರ್. ತಂತಿಯನ್ನು ಲೆಕ್ಕಕ್ಕಿಂತ ಶೇ. 5ರಷ್ಟು ಕಿರಿದಾಗಿ ಕತ್ತರಿಸುವುದು ವಾಡಿಕೆ.

ಮಾರ್ಪಾಡು ಹೇಗೆ?

ಬ್ಯಾಡ್ಜ್‌ನಲ್ಲಿ ಎಸ್‌ಎಂಎ ಕನೆಕ್ಟರ್‌ಗೆ ಸ್ಥಳ ಕಲ್ಪಿಸಲಾಗಿದೆ. ಅದನ್ನು ಬೆಸೆದು ಹೊರಗಿನ ಆಂಟೆನಾ ಜೋಡಿಸಬಹುದು. ಆದರೆ ಎರಡೂ ಆಂಟೆನಾಗಳು ಏಕಕಾಲಕ್ಕೆ ಒಂದೇ ಮಾರ್ಗಕ್ಕೆ ಅಂಟಿಕೊಂಡಿರಬಾರದು. ಹಾಗಾದರೆ 50 ಓಮ್‌ಗಳ ಹೊಂದಾಣಿಕೆ ಕೆಟ್ಟು ಸಂಕೇತ ಹಂಚಿಹೋಗುತ್ತದೆ. ಆದ್ದರಿಂದ ಮೊದಲು ಪ್ರಕಟಿತ ನಕ್ಷೆಯನ್ನು ನೋಡಿ, ಫಲಕದ ಆಂಟೆನಾಗೆ ಹೋಗುವ ದಾರಿಯನ್ನು ಕಡಿಯಬೇಕು. ಮುಕ್ತ ವಿನ್ಯಾಸದ ನಿಜವಾದ ಉಪಯೋಗ ಇಲ್ಲಿದೆ: ಯಾವ ಬಿಡಿಭಾಗವನ್ನು ಮುಟ್ಟಬೇಕೆಂದು ಊಹಿಸಬೇಕಿಲ್ಲ.

ಕನೆಕ್ಟರ್ ಆಯ್ಕೆಯಲ್ಲಿಯೂ ಜಾಗ್ರತೆ ಬೇಕು. ವೈಫೈ ಸಾಧನಗಳ ಆಂಟೆನಾಗಳಲ್ಲಿ ಸಾಮಾನ್ಯವಾಗಿರುವುದು ‘ರಿವರ್ಸ್’ ಎಸ್‌ಎಂಎ. ತಿರುಪು ಸರಿಯಾಗಿ ಕೂತರೂ ನಡುವಿನ ಸೂಜಿ ತಾಗದೆ ಸಂಕೇತ ಹರಿಯುವುದಿಲ್ಲ.

ಎಚ್ಚರಿಕೆಗಳು

ಉತ್ತಮ ಆಂಟೆನಾ ದುರ್ಬಲ ಸಂಕೇತದಂತೆಯೇ ಪ್ರಬಲ ಸಂಕೇತವನ್ನೂ ಒಳತರುತ್ತದೆ. ಹ್ಯಾಕ್‌ಆರ್‌ಎಫ್ ಒನ್ ತಾಳಬಲ್ಲ ಗರಿಷ್ಠ ಮಿತಿ ಮೈನಸ್ 5 ಡಿಬಿಎಂ, ಅಂದರೆ ಸುಮಾರು 0.3 ಮಿಲಿವ್ಯಾಟ್. ಇದನ್ನು ಮೀರಿದರೆ ಫಲಕ ಶಾಶ್ವತವಾಗಿ ಹಾಳಾಗಬಹುದು. ಆದಕಾರಣ ಪ್ರಬಲ ಪ್ರಸಾರಕಗಳ ಸಮೀಪದಲ್ಲಿ ಒಳಗಿನ ವರ್ಧಕವನ್ನು ಬಳಸದಿರುವುದು, ಸಂಕೇತ ತಗ್ಗಿಸುವ ಅಟೆನ್ಯುಯೇಟರ್ ಅಳವಡಿಸುವುದು ಕ್ಷೇಮ.

ಈ ಫಲಕಗಳು ಸಂಕೇತಗಳನ್ನು ಪ್ರಸಾರ ಮಾಡಲೂ ಶಕ್ತವಾಗಿವೆ. ಭಾರತದಲ್ಲಿ ಹವ್ಯಾಸಿ ಬ್ಯಾಂಡ್‌ಗಳಲ್ಲಿ ಪ್ರಸಾರ ಮಾಡಲು ಪರೀಕ್ಷೆ ಉತ್ತೀರ್ಣರಾಗಿ ಪರವಾನಗಿ ಪಡೆಯುವುದು ಕಡ್ಡಾಯ. ದಕ್ಷ ಆಂಟೆನಾ ಜೋಡಿಸಿದೊಡನೆ ಅಲ್ಪಶಕ್ತಿಯ ಪ್ರಯೋಗವೂ ದೂರ ತಲುಪೀತು. ಆರಂಭಿಕರು ಆಲಿಸುವುದರಲ್ಲಿಯೇ ಕೈ ಪಳಗಿಸಿಕೊಳ್ಳುವುದು ಒಳಿತು.