ತೂತು ಬಿದ್ದ ಡ್ಯುಯೊಡಿನಲ್ ಹುಣ್ಣು: ಓಮೆಂಟಮ್ ತೇಪೆಯ ಬಲ ಮತ್ತು ಮಿತಿ

ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೊಡಿನಮ್‌ನ ಮುಂಗೋಡೆಯ ಹುಣ್ಣು ಒಡೆದಾಗ ಬೀಳುವ ತೂತು ಬಹುಪಾಲು ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಮುಚ್ಚಲು ತೊಡಕಾಗುವುದು ಅದರ ಅಂಚು. ಉರಿಯೂತದಿಂದ ಊದಿ ಮೆತ್ತಗಾದ ಅಂಚು ದಾರವನ್ನು ತಡೆದುಕೊಳ್ಳದು. ಬಿಗಿದು ಗಂಟು ಹಾಕಿದರೆ ಹೊಲಿಗೆಯೇ ಅದನ್ನು ಸೀಳಿ ತೂತನ್ನು ಹಿಗ್ಗಿಸುತ್ತದೆ. ಈ ತುರ್ತು ಶಸ್ತ್ರಚಿಕಿತ್ಸೆಯ ಫಲ ನಿಂತಿರುವುದು ಸುತ್ತಲಿನ ಅಂಗಾಂಶದ ಸ್ಥಿತಿಯ ಮೇಲೆ; ಕೈಚಳಕದ ಮಾತು ಆಮೇಲಿನದು ಎಂಬುದು ಇಲ್ಲಿನ ವಾದ.

ಕರುಳಿನ ಮೇಲೆ ಸೆರಗಿನಂತೆ ಇಳಿಬಿದ್ದ ಕೊಬ್ಬಿನ ಪದರವಾದ ಓಮೆಂಟಮ್ ಉರಿಯೂತವಾದ ಜಾಗಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ. ಶಸ್ತ್ರಚಿಕಿತ್ಸಕರು ಈ ಗುಣವನ್ನೇ ಬಳಸಿಕೊಂಡರು. 1929ರಲ್ಲಿ ಸೆಲ್ಲನ್-ಜೋನ್ಸ್ ರಕ್ತಸಂಚಾರ ಉಳಿಸಿಕೊಂಡ ಓಮೆಂಟಮ್ ಎಳೆಯಿಂದ ತೂತು ಮುಚ್ಚುವ ವಿಧಾನವನ್ನು ಪ್ರಕಟಿಸಿದರು. 1937ರಲ್ಲಿ ಕೆನಡಾದ ರಾಸ್ಕೊ ಗ್ರಹಾಂ ವಿವರಿಸಿದ್ದು ಬಿಡಿಸಿ ತೆಗೆದ ತುಂಡಿನ ತೇಪೆಯನ್ನು. ಇಂದು ಗ್ರಹಾಂ ಹೆಸರಿನಲ್ಲಿ ನಡೆಯುವುದು ಬಹುಮಟ್ಟಿಗೆ ಸೆಲ್ಲನ್-ಜೋನ್ಸ್ ಕ್ರಮವೇ.

ತೂತಿನ ಎರಡೂ ಬದಿಯ ಗಟ್ಟಿ ಗೋಡೆಯಲ್ಲಿ ಮೂರು-ನಾಲ್ಕು ದಾರ ಹಾಯಿಸಿ, ಗಂಟು ಹಾಕದೆ ಬಿಡುತ್ತಾರೆ. ನಡುವೆ ಓಮೆಂಟಮ್ ಎಳೆಯನ್ನು ಹೊದಿಸಿ, ಅದರ ಮೇಲೆ ಗಂಟು ಕೂರಿಸುತ್ತಾರೆ. ಗಂಟು ಸಡಿಲವಾದರೆ ತೇಪೆ ಜಾರುತ್ತದೆ, ಬಿಗಿಯಾದರೆ ರಕ್ತ ಹರಿಯದೆ ಸಾಯುತ್ತದೆ. ಗಂಟು ಕೂತ ಮೇಲೆ ಎಳೆಯ ಬಣ್ಣ ಕಪ್ಪಿಟ್ಟರೆ ದಾರ ಬಿಚ್ಚಿ ಮತ್ತೆ ಹಾಕಬೇಕು. ಆ ಹೊತ್ತಿನ ಅವಸರದಲ್ಲಿ ಇದನ್ನು ನಿಂತು ನೋಡುವ ತಾಳ್ಮೆಯೇ ಕಲಿಯಬೇಕಾದ ವಿದ್ಯೆ.

ಓಮೆಂಟಮ್ ಎಲ್ಲರಲ್ಲೂ ಕೈಗೆ ಸಿಗದು. ಹಿಂದಿನ ಆಪರೇಷನ್‌ನಿಂದ ಅದು ಅಂಟಿಹೋಗಿರಬಹುದು. ತೀರ ಬಡಕಲು ದೇಹದಲ್ಲಿ ತೆಳ್ಳಗಿರಬಹುದು. ಕೀವಿನಲ್ಲಿ ನೆನೆದು ಕೊಳೆತಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ಆಗ ಯಕೃತ್ತಿನಿಂದ ಹೊಕ್ಕುಳ ಕಡೆಗೆ ಬರುವ ಫಾಲ್ಸಿಫಾರ್ಮ್ ಲಿಗಮೆಂಟನ್ನು ತೇಪೆಯಾಗಿ ತಿರುಗಿಸಬಹುದು. ತೂತು ಎರಡು ಸೆಂಟಿಮೀಟರ್ ಮೀರಿದರೆ ಸಾಮಾನ್ಯ ತೇಪೆ ಸೋರುವ ಅಪಾಯ ಹೆಚ್ಚು. ಸಣ್ಣ ಕರುಳಿನ ಮುಂದಿನ ಭಾಗವಾದ ಜೆಜುನಮ್‌ನ ಹೊರಪದರವನ್ನು ತಂದು ಹೊಲಿಯುವುದು ಅಥವಾ ಜಠರದ ಭಾಗವನ್ನೇ ತೆಗೆಯುವುದು ಅನಿವಾರ್ಯವಾಗಬಹುದು. ಆದರೆ ಆಘಾತದಲ್ಲಿರುವ ರೋಗಿಗೆ ದೊಡ್ಡ ಆಪರೇಷನ್ ಸಲ್ಲದು.

ಅಂಗಾಂಶ ಕೆಡುವುದು ಗಂಟೆಗಳ ಲೆಕ್ಕದಲ್ಲಿ. ಹಾಂಗ್‌ಕಾಂಗ್‌ನ ಬೋಯಿ 1987ರಲ್ಲಿ ಅಪಾಯದ ಮೂರು ಅಂಶಗಳನ್ನು ಗುರುತಿಸಿದರು: ಗಂಭೀರ ಸಹರೋಗ, ಆಪರೇಷನ್‌ಗೆ ಮುಂಚಿನ ಆಘಾತ, 24 ಗಂಟೆ ಮೀರಿದ ತೂತು. ಡೆನ್ಮಾರ್ಕಿನಲ್ಲಿ 2,668 ರೋಗಿಗಳ ಅಧ್ಯಯನವೊಂದು ಆಸ್ಪತ್ರೆ ಸೇರಿದ ನಂತರದ ಪ್ರತಿ ಗಂಟೆಯ ವಿಳಂಬಕ್ಕೂ ಬದುಕುಳಿಯುವ ಸಂಭವ 2.4 ಪ್ರತಿಶತದಷ್ಟು ತಗ್ಗುವುದನ್ನು ಕಂಡಿತು. ನಮ್ಮಲ್ಲಿ ಮೊಣಕಾಲು ನೋವಿಗೆ ಚೀಟಿ ಇಲ್ಲದೆ ಹುಣ್ಣು ತರಬಲ್ಲ ಡೈಕ್ಲೋಫೆನಾಕ್ ನುಂಗುವವರು, ಹೊಟ್ಟೆ ಹಲಗೆಯಂತಾದ ಮೇಲೂ ಗ್ಯಾಸೆಂದು ಸೋಡಾ ಕುಡಿದು ಕಾಯುತ್ತಾರೆ. ತೆರೆದ ಆಪರೇಷನ್ನೋ ಲ್ಯಾಪರೊಸ್ಕೋಪಿಯೋ ಎಂಬ ಚರ್ಚೆಗೆ ಸಮ್ಮೇಳನಗಳಲ್ಲಿ ಸಿಗುವ ಸಮಯದ ಅರ್ಧ ಈ ವಿಳಂಬಕ್ಕೂ ಸಿಗಬೇಕು.

ತೇಪೆ ಹುಣ್ಣನ್ನು ವಾಸಿ ಮಾಡುವುದಿಲ್ಲ. 2000ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಪ್ರಯೋಗವೊಂದರಲ್ಲಿ ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಹೆಲಿಕೊಬ್ಯಾಕ್ಟರ್ ಪೈಲೊರಿಯನ್ನು ತೊಡೆದುಹಾಕಿದವರಲ್ಲಿ ವರ್ಷದೊಳಗೆ 4.8 ಪ್ರತಿಶತಕ್ಕೆ ಹುಣ್ಣು ಮರುಕಳಿಸಿತು. ಆಮ್ಲ ತಗ್ಗಿಸುವ ಔಷಧಿ ಮಾತ್ರ ಪಡೆದವರಲ್ಲಿ 38.1 ಪ್ರತಿಶತಕ್ಕೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ್ಯಂಟಿಬಯೋಟಿಕ್‌ಗಳ ಜೊತೆಗೆ, ತೂತು ಜಠರದಲ್ಲಿದ್ದರೆ, ಕ್ಯಾನ್ಸರ್ ಪತ್ತೆಗೆ ಕಳಿಸಿದ ಅಂಚಿನ ತುಣುಕಿನ ವರದಿಗೆ ಬರಬೇಕಾದ ದಿನವೂ ಇರಬೇಕು.