ಆಟ ಚಿಕಿತ್ಸಕರ ತಯಾರಿ: ವಿಯೆನ್ನಾದಿಂದ ಖಾನಾಪುರದವರೆಗೆ

ಬಾಯಿಬಿಟ್ಟು ಹೇಳಲಾರದ ಭಯ, ಸಿಟ್ಟು, ದುಃಖಗಳನ್ನು ಮಗು ಆಟದಲ್ಲಿ ತೋರಿಸುತ್ತದೆ ಎಂಬ ನಂಬಿಕೆಯ ಮೇಲೆ ಆಟ ಚಿಕಿತ್ಸೆ ನಿಂತಿದೆ. ವಿಯೆನ್ನಾದ ಹರ್ಮಿನ್ ಹ್ಯೂಗ್-ಹೆಲ್ಮುತ್ ಮಕ್ಕಳ ಮನೋವಿಶ್ಲೇಷಣೆಗೆ ಆಟವನ್ನು ತಂದ ಮೊದಲಿಗರಲ್ಲೊಬ್ಬರು. 1920ರ ದಶಕದಲ್ಲಿ ಮಗುವಿನ ಆಟಕ್ಕೆ ಏನು ಅರ್ಥ ಎಂಬ ವಿಷಯಕ್ಕೇ ಜಗಳ ಹುಟ್ಟಿತು. ಮೆಲನಿ ಕ್ಲೈನ್ ಅವರಿಗೆ ಆಟವೆಂದರೆ ಒಳಮನಸ್ಸಿನ ಸಂಕೇತ, ಅನ್ನಾ ಫ್ರಾಯ್ಡ್ ಅವರಿಗೆ ಮುಖ್ಯವಾಗಿ ಮಗುವಿನ ವಿಶ್ವಾಸ ಗಳಿಸುವ ದಾರಿ. ಮಾರ್ಗರೆಟ್ ಲೋವೆನ್‌ಫೆಲ್ಡ್ 1928ರಲ್ಲಿ ಲಂಡನ್ನಿನಲ್ಲಿ ಚಿಕಿತ್ಸಾಲಯ ತೆರೆದು, ಮರಳಿನ ತಟ್ಟೆ ಮತ್ತು ಪುಟ್ಟ ಗೊಂಬೆಗಳನ್ನು ಬಳಕೆಗೆ ತಂದರು. ವರ್ಜೀನಿಯಾ ಆ್ಯಕ್ಸ್‌ಲೈನ್ 1947ರ ತಮ್ಮ ಪುಸ್ತಕದಲ್ಲಿ ಎಂಟು ತತ್ವಗಳನ್ನು ಕೊಟ್ಟರು: ಮಗು ಮುಂದೆ ನಡೆಯಬೇಕು, ಚಿಕಿತ್ಸಕರು ಹಿಂದೆ. ಸುಮ್ಮನಿದ್ದು ನೋಡುವುದು ಇಂದಿಗೂ ತರಬೇತಿಯ ಅತಿ ಕಷ್ಟದ ಪಾಠ.

ಅಮೆರಿಕದಲ್ಲಿ 1982ರಲ್ಲಿ ಹುಟ್ಟಿದ ಆಟ ಚಿಕಿತ್ಸಾ ಸಂಘವು ನೋಂದಣಿಗೆ ಸ್ನಾತಕೋತ್ತರ ಪದವಿ, 150 ಗಂಟೆಗಳ ತರಬೇತಿ ಮತ್ತು ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಅನುಭವ ಕೇಳುತ್ತದೆ. ಭಾರತದಲ್ಲಿ ಈ ವೃತ್ತಿಗೆ ಪ್ರತ್ಯೇಕ ಸರ್ಕಾರಿ ನೋಂದಣಿ ಇಲ್ಲ. 1992ರ ಕಾಯ್ದೆಯಡಿಯ ಭಾರತೀಯ ಪುನರ್ವಸತಿ ಮಂಡಳಿ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೂ ವಿಶೇಷ ಶಿಕ್ಷಕರನ್ನೂ ನೋಂದಾಯಿಸುತ್ತದೆ. ಹೀಗಾಗಿ ಇಲ್ಲಿ ಈ ಕೆಲಸಕ್ಕೆ ಬರುವವರು ಹೆಚ್ಚಾಗಿ ಮನಶ್ಶಾಸ್ತ್ರ, ಸಮಾಜಕಾರ್ಯ ಅಥವಾ ವಿಶೇಷ ಶಿಕ್ಷಣ ಓದಿ, ಆಮೇಲೆ ಆಟದ ತರಬೇತಿ ಪಡೆದವರು.

ಕರ್ನಾಟಕದಲ್ಲಿ ಈ ಕೆಲಸದ ಬೇರು ಬೆಂಗಳೂರಿನಲ್ಲಿದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್‌ನ ಭಾಗವಾಯಿತು. ಅಲ್ಲಿ ಮಾಲವಿಕಾ ಕಪೂರ್ ಶಾಲೆಗಳಿಗೇ ಮಾನಸಿಕ ಆರೋಗ್ಯವನ್ನು ಒಯ್ದರು, ಶೇಖರ್ ಶೇಷಾದ್ರಿ ಕಥೆ, ನಾಟಕಗಳನ್ನು ಮಕ್ಕಳ ಕೆಲಸಕ್ಕೆ ಬಳಸಿದರು. ಖಾನಾಪುರ ಇರುವ ಬೆಳಗಾವಿಗೆ ಹತ್ತಿರದ ದೊಡ್ಡ ಕೇಂದ್ರ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್; 1845ರ ಹುಚ್ಚಾಸ್ಪತ್ರೆಯೇ ಕಾಲಾಂತರದಲ್ಲಿ ಈ ಸಂಸ್ಥೆಯಾಯಿತು. ಬೆಳಗಾವಿ ನಗರದಲ್ಲೇ 1963ರ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಮತ್ತು ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್ ಇವೆ.

ಇಷ್ಟು ಓದಿದರೂ ಖಾನಾಪುರದಲ್ಲಿ ಸಾಲದು. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಈ ಕಾಡಂಚಿನ ತಾಲ್ಲೂಕಿನಲ್ಲಿ ಒಂದು ಮಗುವಿನ ಮನೆಮಾತು ಮರಾಠಿ, ಇನ್ನೊಂದರದು ಕೊಂಕಣಿ, ಮತ್ತೊಂದರದು ಕನ್ನಡ ಅಥವಾ ಉರ್ದು. ಅಳುವ, ಬೈಯುವ ಮಾತು ಬರುವುದು ಮನೆಮಾತಿನಲ್ಲೇ. ಅದು ತಿಳಿಯದ ಚಿಕಿತ್ಸಕರಿಗೆ ಅರ್ಧ ಆಟ ಕಾಣುವುದೇ ಇಲ್ಲ. ಸಾಮಗ್ರಿ ಮಾತ್ರ ಕೈಗೆಟುಕುವಷ್ಟರಲ್ಲಿದೆ. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಗೋಕಾಕ ಮರದ ಗೊಂಬೆಗಳಿಗೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬಲ್ಲ ಮಗುವಿಗೆ ಜೇಡಿಮಣ್ಣು ಹೊಸದಲ್ಲ. ಆದರೆ ಹದಿಹರೆಯದವರು ಗೊಂಬೆ ಕಂಡರೆ ಮುಖ ತಿರುಗಿಸುತ್ತಾರೆ. ಅವರಿಗೆ ಮಣ್ಣು, ಚಿತ್ರ, ನಾಟಕ, ಕೇರಂ ಹೊಂದುತ್ತವೆ. ಇದಕ್ಕೂ ಬೇರೆಯದೇ ಅಭ್ಯಾಸ ಬೇಕು.

ನೋಂದಣಿ ಇಲ್ಲದ ವೃತ್ತಿಯಲ್ಲಿ ಬೋರ್ಡು ಹಾಕುವುದು ಸುಲಭ. ಮಗುವನ್ನು ಒಪ್ಪಿಸುವ ಮುನ್ನ ತಂದೆತಾಯಿ ಮೂಲ ಪದವಿ ಯಾವುದು, ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ, ಯಾರ ಮೇಲ್ವಿಚಾರಣೆಯಲ್ಲಿ ಕಲಿತದ್ದು ಎಂದು ಸಂಕೋಚವಿಲ್ಲದೆ ಕೇಳಬೇಕು.