ಎರಡಕ್ಷರದ ಓಕೆ, ಎರಡೂ ತಪ್ಪು

ಇವತ್ತು ಬೆಳಗ್ಗೆ ಎದ್ದಾಗಿನಿಂದ ಎಷ್ಟು ಸಲ ‘ಓಕೆ’ ಅಂದಿರಿ? ಲೆಕ್ಕ ಇಡೋಕೆ ಹೋಗ್ಬೇಡಿ, ಸಿಗಲ್ಲ. ಆಟೋದವರಿಗೆ ಓಕೆ, ಮ್ಯಾನೇಜರ್‌ಗೆ ಓಕೆ, ‘ಬರ್ತಾ ಕೊತ್ತಂಬರಿ ತಗೊಂಡ್ ಬಾ’ ಅಂತ ಮನೆಯಿಂದ ಬಂದ ಮೆಸೇಜಿಗೂ ಓಕೆ. ಇಷ್ಟು ಓಡಾಡುವ ಪದಕ್ಕೆ ಏನೋ ಘನವಾದ ಮೂಲ ಇರುತ್ತೆ ಅಂದುಕೊಂಡಿದ್ದರೆ, ಇಲ್ಲ. ಅದು ಹುಟ್ಟಿದ್ದು ಪತ್ರಿಕೆಯವರ ತಲೆಹರಟೆಯಲ್ಲಿ.

1838-39ರ ಹೊತ್ತಿಗೆ ಅಮೆರಿಕದ ಬಾಸ್ಟನ್ ಪತ್ರಿಕೆಗಳಿಗೆ ಒಂದು ಖಯಾಲಿ ಹತ್ತಿತ್ತು. ಮಾತನ್ನು ಪೂರ್ತಿ ಬರೆಯದೆ ಬರೀ ಮೊದಲಕ್ಷರಗಳನ್ನು ಬರೆಯೋದು. ಅದೂ ಸಾಲದು ಅಂತ, ಬೇಕಂತಲೇ ಸ್ಪೆಲಿಂಗ್ ಕೆಡಿಸಿ ಆಮೇಲೆ ಮೊದಲಕ್ಷರ ತೆಗೆಯೋದು. ‘ನೋ ಯೂಸ್’ ಅನ್ನೋದು ಅವರ ಕೈಯಲ್ಲಿ ‘ಕೆ.ವೈ.’ ಆಯ್ತು, ‘ಆಲ್ ರೈಟ್’ ಹೋಗಿ ‘ಓ.ಡಬ್ಲ್ಯೂ.’ ಆಯ್ತು. 1839ರ ಮಾರ್ಚ್ 23ರಂದು ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಒಂದು ತಮಾಷೆಯ ಬರಹದಲ್ಲಿ ‘ಓ.ಕೆ.’ ಅಂತ ಹಾಕಿ, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಅಂತ ಅರ್ಥವನ್ನೂ ಕೊಟ್ಟಿತು. ಆಲ್‌ಗೆ ಎ ಬೇಕಿತ್ತು, ಓ ಬಂತು. ಕರೆಕ್ಟ್‌ಗೆ ಸಿ ಬೇಕಿತ್ತು, ಕೆ ಬಂತು. ‘ಎಲ್ಲಾ ಸರಿಯಿದೆ’ ಅನ್ನುವ ಮಾತಿನ ಎರಡಕ್ಷರವೂ ತಪ್ಪು. ಜೋಕ್ ಇರೋದೇ ಅಲ್ಲಿ.

(ಮೊಬೈಲ್ ಹುಡುಗರು ಭಾಷೆ ಹಾಳು ಮಾಡಿದ್ರು ಅನ್ನೋ ಹಿರಿಯರು ಸಿಕ್ಕರೆ ಇನ್ನೊಂದು ಹೇಳಿ. ‘ಓಹ್ ಮೈ ಗಾಡ್’ಗೆ ‘ಓ.ಎಂ.ಜಿ.’ ಅಂತ 1917ರಲ್ಲೇ ಚರ್ಚಿಲ್‌ಗೆ ಪತ್ರ ಬರೆದವರು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಫಿಶರ್. ಆಗ ಅವರಿಗೆ 76 ವರ್ಷ.)

ಆ ಕಾಲದ ಜೋಕುಗಳೆಲ್ಲ ಸತ್ತವು, ಓಕೆ ಮಾತ್ರ ಉಳಿಯಿತು. ಕಾರಣ ಚುನಾವಣೆ. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಎರಡನೇ ಸಲ ನಿಂತರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್, ಅದರಿಂದ ‘ಓಲ್ಡ್ ಕಿಂಡರ್‌ಹುಕ್’ ಅನ್ನೋ ಅಡ್ಡಹೆಸರು. ಬೆಂಬಲಿಗರು ಓಕೆ ಕ್ಲಬ್ ಕಟ್ಟಿದರು. ಎದುರು ಪಕ್ಷದವರು ಬಿಡ್ತಾರಾ? ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಸ್ಪೆಲಿಂಗೇ ಬರ್ತಿರಲಿಲ್ಲ, ಕಡತಗಳ ಮೇಲೆ ‘ಓಕೆ’ ಅಂತ ಗೀಚ್ತಿದ್ದ ಅಂತ ಗುಲ್ಲೆಬ್ಬಿಸಿದರು. ವ್ಯಾನ್ ಬ್ಯೂರನ್ ಸೋತರು. ಪದ ಗೆದ್ದಿತು.

ಆಮೇಲೆ ಎಲ್ಲರೂ ಜೋಕನ್ನು ಮರೆತರು, ಹೊಸ ಹೊಸ ಮೂಲಗಳನ್ನು ಹುಡುಕಿದರು. ಗ್ರೀಕ್ ಅಂದ್ರು, ಸ್ಕಾಟಿಷ್ ಅಂದ್ರು. ಅಮೆರಿಕದ ಮೂಲನಿವಾಸಿಗಳ ಚೋಕ್ಟಾ ಭಾಷೆಯದು ಅಂತ ನಂಬಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಪೆಲಿಂಗನ್ನೂ ಹಾಗೇ ತಿದ್ದಿ ಬರೀತಿದ್ದರು. ಕೊನೆಗೆ 1960ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಅಲೆನ್ ವಾಕರ್ ರೀಡ್ ಹಳೇ ಪತ್ರಿಕೆಗಳನ್ನು ಜಾಲಾಡಿ ಬಾಸ್ಟನ್ ಜೋಕನ್ನು ಹೊರತೆಗೆದರು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ತಂತಿ ಆಫೀಸಿನ ಓಕೆ. ಟೆಲಿಗ್ರಾಫ್ ಬಂದ ಮೇಲೆ ಆಪರೇಟರುಗಳು ಸಂದೇಶ ತಲುಪಿದ ತಕ್ಷಣ ಓಕೆ ಅಂತ ತಿರುಗಿ ಕಳಿಸತೊಡಗಿದರು. ಅದರರ್ಥ ‘ಒಪ್ಪಿದೆ’ ಅಂತಲ್ಲ, ‘ಬಂತು’ ಅಂತ. ತಂತಿಯಲ್ಲಿ ಸಾವಿನ ಸುದ್ದಿ ಇದ್ದರೂ ಓಕೆಯೇ. ನಮ್ಮ ಹಳ್ಳಿಗಳಲ್ಲಿ ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕಲ್ಲ, ಹಾಗೆ. ಹೂಂ ನಿಂತರೆ ಹುಡುಗ ಮಲಗಿದ ಅಂತ ಅಜ್ಜಿ ಕತೆ ನಿಲ್ಲಿಸ್ತಾಳೆ. ಹೂಂ ಅಂದಮಾತ್ರಕ್ಕೆ ರಾಕ್ಷಸ ರಾಜಕುಮಾರಿಯನ್ನು ಎತ್ಕೊಂಡು ಹೋಗಿದ್ದಕ್ಕೆ ಮಗು ಒಪ್ಪಿಗೆ ಕೊಟ್ಟಿತು ಅಂತ ಯಾರೂ ತಿಳಿಯಲ್ಲ.

ಆಫೀಸಿನಲ್ಲಿ ತಿಳೀತಾರೆ. ಒಂದು ಕಾಲ್‌ನಲ್ಲಿ ಆ ಕಡೆಯವರು ‘ಇದು ಶುಕ್ರವಾರಕ್ಕೆ ಬೇಕು’ ಅಂದರು. ನಮ್ಮ ತಂಡದ ಹೊಸ ಹುಡುಗಿ ‘ಓಕೆ’ ಅಂದಳು, ತಂತಿ ಆಪರೇಟರ್ ಥರ. ಅವರು ಮಿನಿಟ್ಸ್‌ನಲ್ಲಿ ‘ಒಪ್ಪಿದ್ದಾರೆ’ ಅಂತ ಬರೆದುಕೊಂಡರು. ಅವಳು ಎರಡು ರಾತ್ರಿ ನಿದ್ದೆಗೆಟ್ಟಳು, ಆದರೂ ಕೆಲಸ ಮುಗಿಯಲಿಲ್ಲ. ಅಪ್ರೈಸಲ್‌ನಲ್ಲಿ ‘ಮಾತು ಕೊಟ್ಟು ತಪ್ಪಿದರು’ ಅಂತ ಬಂತು. ಅವಳು ಕೊಟ್ಟಿದ್ದು ಮಾತಲ್ಲ, ಹೂಂ ಅಷ್ಟೇ. ಆದರೆ ಅದನ್ನು ವಾದಿಸೋಕೆ ಎರಡು ವರ್ಷದ ಅನುಭವ ಸಾಕಾಗಲ್ಲ.

ನಮ್ಮ ಕಸುಬಿನಲ್ಲೂ ಈ ಗೊಂದಲ ಹಾಗೇ ಕೂತಿದೆ. ಬ್ರೌಸರ್ ಏನಾದರೂ ಕೇಳಿದಾಗ ಸರ್ವರ್ ‘200 ಓಕೆ’ ಅನ್ನುತ್ತೆ. ಎಷ್ಟೋ ಸಲ ಒಳಗೆ ತೆಗೆದು ನೋಡಿದರೆ ‘ಎರರ್’ ಅಂತ ಬರೆದಿರುತ್ತೆ. ಅದಕ್ಕೇ ನಾವು ಕೋಡ್‌ನಲ್ಲಿ 200 ನೋಡಿ ಸುಮ್ಮನಾಗಲ್ಲ, ಒಳಗಿರೋದನ್ನೂ ಓದ್ತೀವಿ. ಯಂತ್ರಕ್ಕೆ ಕೊಡುವ ಈ ಅನುಮಾನದ ಲಾಭವನ್ನು ಮನುಷ್ಯರಿಗೆ ಕೊಡಲ್ಲ.

ಈಗ ನಮ್ಮ ತಂಡದಲ್ಲಿ ತಾರೀಖಿನ ಮಾತು ಬಂದರೆ ‘ಕೇಳಿಸಿತು, ನೋಡಿ ಸಂಜೆಯೊಳಗೆ ಹೇಳ್ತೀವಿ’ ಅಂತ ಪೂರ್ತಿ ವಾಕ್ಯವನ್ನೇ ಹೇಳ್ತೀವಿ. ಆ ಕಡೆಯಿಂದ ಬರುವ ಉತ್ತರ ಮಾತ್ರ ಇವತ್ತಿಗೂ ‘ಓಕೆ’ನೇ. ಒಮ್ಮೊಮ್ಮೆ ಅಷ್ಟೂ ಇಲ್ಲ, ಬರೀ ‘ಕೆ’.